ಗೀರು ನೋಡುವ ಅತ್ತಿಗೆ

ಕನ್ನಡಕದ ಕಾರ್ಖಾನೆಗೆ ಬೀಗ ಬಿದ್ದ ಮಾರನೆಯ ಬೆಳಿಗ್ಗೆಯೂ ನನ್ನ ಅತ್ತಿಗೆ ಎಂಟೂವರೆಗೆ ಸರಿಯಾಗಿ ಊಟದ ಡಬ್ಬಿ ಹಿಡಿದು ಮನೆಯಿಂದ ಹೊರಟರು. ಇಪ್ಪತ್ತೊಂಬತ್ತು ವರ್ಷದ ಅಭ್ಯಾಸ. ಬೀಗದ ಸುದ್ದಿ ಕಾಲುಗಳಿಗೆ ಇನ್ನೂ ಮುಟ್ಟಿರಲಿಲ್ಲ. ಅಂಚೆ ಕಚೇರಿಯ ತಿರುವಿಗೆ ಬಂದಾಗ ನೆನಪಾಯಿತಂತೆ. ವಾಪಸು ಹೋದರೆ ಎದುರು ಮನೆಯವರು "ಏನು, ಇಷ್ಟು ಬೇಗ?" ಎಂದು ಕೇಳುತ್ತಾರೆ, ಅವರಿಗೆ ಮೊದಲಿನಿಂದ ಕಥೆ ಹೇಳುತ್ತ ನಿಲ್ಲಬೇಕು. ಅದಕ್ಕಿಂತ ತಮ್ಮನ ಶೆಡ್ಡೇ ವಾಸಿ ಎಂದುಕೊಂಡು ನೆಟ್ಟಗೆ ನಮ್ಮಲ್ಲಿಗೆ ಬಂದರು.

ಆ ತಮ್ಮ ಎಂದರೆ ನನ್ನ ಗಂಡ. ಕಾರುಗಳಿಗೆ ಪೇಂಟ್ ಹೊಡೆಯುವುದು ಅವರ ಕೆಲಸ. ತಗಡಿನ ಮಾಡಿನ ಶೆಡ್ಡು, ಒತ್ತೊತ್ತಾಗಿ ನಿಲ್ಲಿಸಿದರೆ ಮೂರು ಕಾರು ಹಿಡಿಯುತ್ತದೆ. ಹಿಂಭಾಗದಲ್ಲಿ ಪ್ಲಾಸ್ಟಿಕ್ ಪರದೆ ಇಳಿಬಿಟ್ಟು ಪೇಂಟ್ ಹೊಡೆಯಲು ಒಂದು ಕೋಣೆ ಮಾಡಿಕೊಂಡಿದ್ದರು. ಮುಂದಿನ ಕಿಟಕಿಯ ಹತ್ತಿರ ನನ್ನ ಹೊಲಿಗೆ ಯಂತ್ರ. ಸೀಟಿನ ಕವರು ಹೊಲಿಯುವುದು ನನ್ನ ಪಾಲಿಗೆ ಬಂದದ್ದು. ಹೀಗಾಗಿ ಆಮೇಲೆ ನಡೆದದ್ದಕ್ಕೆಲ್ಲ ನಾನೇ ಸಾಕ್ಷಿ, ಬೇಕೆಂದರೂ ಬೇಡವೆಂದರೂ.

ಅತ್ತಿಗೆಗೆ ಆಗ ಐವತ್ತೊಂದು. ಮದುವೆಯ ಮಾತು ಬಂದಾಗಲೆಲ್ಲ "ಬರೋ ವರ್ಷ ನೋಡೋಣ" ಎನ್ನುತ್ತಲೇ ಎಲ್ಲ ವರ್ಷಗಳನ್ನೂ ದಾಟಿಸಿದವರು. ನಮ್ಮ ಮನೆಯಿಂದ ಎರಡು ಬೀದಿ ಆಚೆ, ಎರಡು ಕೋಣೆಯ ಮನೆಯಲ್ಲಿ ಒಬ್ಬರೇ ಇದ್ದರು. ಕಾರ್ಖಾನೆಯಲ್ಲಿ ಅವರದು ಗಾಜಿಗೆ ಸಾಣೆ ಹಿಡಿಯುವ ಕೆಲಸ. ಒರಟು ಪುಡಿ, ಅದಕ್ಕಿಂತ ನುಣುಪು ಪುಡಿ, ಕೊನೆಗೆ ಕೆಂಪು ಪುಡಿ, ಹೀಗೆ ಒಂದಾದ ಮೇಲೊಂದು ಹಾಕಿ ನೀರಿನಲ್ಲಿ ಉಜ್ಜಿ ಉಜ್ಜಿ ಕನ್ನಡಕದ ಗಾಜು ಮಾಡುವುದು. ಈಗ ಅದನ್ನೆಲ್ಲ ಎಲ್ಲೋ ದೂರದ ಯಂತ್ರಗಳು ನಿಮಿಷದಲ್ಲಿ ಮಾಡುತ್ತವೆಯಂತೆ. ಅತ್ತಿಗೆ ಆ ಬಗ್ಗೆ ಹೇಳಿದ್ದು ಇಷ್ಟೆ: "ಮಾಡ್ಲಿ ಬಿಡು, ಯಂತ್ರಕ್ಕೂ ಹೊತ್ತು ಹೋಗ್ಬೇಕಲ್ಲ."

ಮೊದಲನೆಯ ದಿನ ಮಗುಚಿ ಹಾಕಿದ ಪೇಂಟ್ ಡಬ್ಬದ ಮೇಲೆ ಕೂತು ಊಟ ಮಾಡಿದರು. ಎರಡನೆಯ ದಿನವೂ ಬಂದರು. ಮೂರನೆಯ ದಿನ, ಪೇಂಟ್ ಮುಗಿದು ಹೊರಗೆ ಬಿಸಿಲಿಗೆ ನಿಂತಿದ್ದ ಕಪ್ಪು ಕಾರಿನ ಬಾಗಿಲಿಗೆ ಮುಖ ಹತ್ತಿರ ಒಯ್ದು, "ಪುಟ್ಟ, ಇಲ್ಲಿ ತುಂಬ ಜೇಡರ ಬಲೆ ಇದೆಯಲ್ಲೋ" ಎಂದರು.

ನಲವತ್ತಾರು ವರ್ಷದ, ಹುರಿ ಮೀಸೆಯ ನನ್ನ ಗಂಡನನ್ನು ಪುಟ್ಟ ಎನ್ನುವುದು ಜಗತ್ತಿನಲ್ಲಿ ಅವರೊಬ್ಬರೇ. ಗಿರಾಕಿಗಳ ಎದುರು ಹಾಗೆ ಕರೆದರೆ ಇವರ ಕಿವಿ ಕೆಂಪಗಾಗುತ್ತಿತ್ತು.

"ಬಲೆ ಅಲ್ಲ ಅಕ್ಕ, ಪಾಲಿಶ್ ಮಾಡಿದ ಗುರುತು. ಕಾರು ಅಂದ್ಮೇಲೆ ಅಷ್ಟು ಇದ್ದೇ ಇರತ್ತೆ."

"ಕನ್ನಡಕದಲ್ಲಿ ಇದ್ದಿದ್ರೆ ನಮ್ಮ ಮೇಸ್ತ್ರಿ ಮುಖಕ್ಕೆ ಎಸೀತಿದ್ದ."

ಇವರಿಗೆ ಬಣ್ಣ ಕಲಸುವುದೆಂದರೆ ಪ್ರಾಣ. ಬಣ್ಣ ಒಣಗಿದ ಮೇಲಿನ ಕೆಲಸವೆಂದರೆ ತಲೆನೋವು. ಹೊಸ ಪೇಂಟಿನ ಮೇಲೆ ಧೂಳಿನ ಕಾಳು ಕೂತಿರುತ್ತದೆ, ಅಲ್ಲಲ್ಲಿ ಪೇಂಟ್ ಕಣ್ಣೀರಿನಂತೆ ಇಳಿದಿರುತ್ತದೆ. ಅದನ್ನು ನೀರು ಹಾಕಿ ನುಣುಪು ಮರಳು ಕಾಗದದಿಂದ ಉಜ್ಜಿ, ಆಮೇಲೆ ಕಟಿಂಗ್ ಕಾಂಪೌಂಡ್ ಹಚ್ಚಿ ಯಂತ್ರ ತಿರುಗಿಸಿ ಹೊಳಪು ತರಬೇಕು. ಈ ಕಾಂಪೌಂಡ್ ಎನ್ನುವುದು ನೋಡಲು ಹಲ್ಲುಜ್ಜುವ ಪೇಸ್ಟಿನ ಹಾಗೇ ಇರುತ್ತದೆ, ಒಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಮರಳು. ನನ್ನ ಗಂಡ ಅದನ್ನು ಹಳೆಯ ಬಟ್ಟೆಗೆ ಮೆತ್ತಿ, ನಾಲ್ಕು ಸುತ್ತು ಸುತ್ತಿ, ಆಯಿತು ಎಂದು ಕೈ ಒರೆಸಿಕೊಳ್ಳುತ್ತಿದ್ದರು.

ಅತ್ತಿಗೆ ಡಬ್ಬದಿಂದ ಚಿಟಿಕೆಯಷ್ಟು ಕಾಂಪೌಂಡ್ ತೆಗೆದು, ಹೆಬ್ಬೆರಳು ತೋರುಬೆರಳ ನಡುವೆ ಇಟ್ಟು, ಕಿವಿಯ ಹತ್ತಿರ ಹಿಡಿದು ಉಜ್ಜಿದರು.

"ಏನು ಕೇಳಿಸ್ತಿದೆ ಅತ್ತಿಗೆ?" ಎಂದೆ.

"ನಮ್ಮ ಎರಡನೇ ಪುಡಿ ಇದ್ದ ಹಾಗಿದೆ ಹುಡುಗಿ. ಇದೊಂದೇ ಹಾಕಿ ಬಿಟ್ರೆ ಹೊಳಪು ಹೇಗೆ ಬರತ್ತೆ? ಇದರ ಮೇಲೆ ಇನ್ನೂ ನುಣುಪಾದ್ದು ಒಂದು ಬೇಕು."

ನನಗೆ ಆಗ ನಲವತ್ತೆರಡು. ಅವರ ಬಾಯಲ್ಲಿ ಇಂದಿಗೂ ಹುಡುಗಿಯೇ.

ಶೆಡ್ಡಿನ ಹಿಂದೆ ಯಾವುದೋ ಗುಜರಿ ಕಾರಿನ ಬಾನೆಟ್ ಬಿದ್ದಿತ್ತು. ಅತ್ತಿಗೆ ಅದನ್ನು ಎರಡು ಡಬ್ಬದ ಮೇಲೆ ಮಲಗಿಸಿಕೊಂಡು ಹತ್ತು ದಿನ ಅದರ ಜೊತೆ ಗುದ್ದಾಡಿದರು. ಮೊದಲ ದಿನ ಪಾಲಿಶ್ ಯಂತ್ರದ ತಿರುಗುವ ಪ್ಯಾಡಿನ ತುಂಬ ಕಾಂಪೌಂಡ್ ಮೆತ್ತಿ, ಅದನ್ನು ಮೇಲೆತ್ತಿ ಹಿಡಿದು ಗುಂಡಿ ಒತ್ತಿದರು. ಅವರ ಕನ್ನಡಕ, ಗೋಡೆ, ಮಾಡು, ನಾನು ಆಗಷ್ಟೇ ಹೊಲಿದು ಮುಗಿಸಿದ್ದ ಕೆನೆಬಣ್ಣದ ಸೀಟು, ಎಲ್ಲಕ್ಕೂ ಒಂದೇ ಏಟಿಗೆ ಸುಣ್ಣ ಬಳಿದಂತಾಯಿತು. ನಾನು ಬಾಯಿ ತೆರೆಯುವ ಮೊದಲೇ ಅತ್ತಿಗೆ, "ಬೈಯೋದಿದ್ರೆ ಸಂಜೆ ಬೈ, ಈಗ ಕೈ ಬಿಡುವಿಲ್ಲ" ಎಂದರು.

ಆದರೆ ಕಲಿತರು. ಮೊದಲು ಕಾರನ್ನು ಎರಡೆರಡು ಸಲ ತೊಳೆಯಬೇಕು, ಒಂದು ಮರಳಿನ ಕಾಳು ಉಳಿದರೂ ಅದೇ ಹೊಸ ಗೀರು ಎಳೆಯುತ್ತದೆ. ಬಿಸಿಲಿಗೆ ಕಾದ ತಗಡನ್ನು ಮುಟ್ಟಬಾರದು. ಅಂಚುಗಳಲ್ಲಿ, ಏಣುಗಳಲ್ಲಿ ಪೇಂಟ್ ತೆಳ್ಳಗಿರುತ್ತದೆ, ಅಲ್ಲಿಗೆ ಕಾಗದದ ಟೇಪ್ ಅಂಟಿಸಬೇಕು. ಕಾಂಪೌಂಡನ್ನು ಬಟಾಣಿಯಷ್ಟು ನಾಲ್ಕು ಕಡೆ ಇಟ್ಟು, ಯಂತ್ರ ನಿಧಾನವಾಗಿದ್ದಾಗ ಹರಡಿ, ಆಮೇಲೆ ವೇಗ ಏರಿಸಿ, ಒಮ್ಮೆ ಅಡ್ಡ ಒಮ್ಮೆ ಉದ್ದ ಓಡಿಸಬೇಕು. ಒಂದೇ ಕಡೆ ನಿಂತರೆ ಪೇಂಟ್ ಕಾದು ಸುಡುತ್ತದೆ. ಇದನ್ನೆಲ್ಲ ನನ್ನ ಗಂಡ ಹೇಳಿಕೊಟ್ಟದ್ದು ಅರ್ಧ, ಅತ್ತಿಗೆ ಆ ಗುಜರಿ ಬಾನೆಟ್ಟನ್ನು ಕೆಡಿಸಿ ತಿಳಿದುಕೊಂಡದ್ದು ಇನ್ನರ್ಧ. ಕಾಂಪೌಂಡ್ ಆದ ಮೇಲೆ ಸ್ಪಂಜಿನ ಪ್ಯಾಡಿನಲ್ಲಿ ನುಣುಪು ಪಾಲಿಶ್ ಹಾಕುವುದು ಮಾತ್ರ ಅವರದೇ ಹಟ. ಹನ್ನೊಂದನೆಯ ದಿನ ಆ ಬಾನೆಟ್ಟಿನಲ್ಲಿ ಮುಖ ನೋಡಿಕೊಂಡು ನಾನು ತಲೆ ಬಾಚಿಕೊಂಡೆ.

"ಗೀರನ್ನ ತೆಗೆಯಕ್ಕೆ ಯಾರಿಗೂ ಆಗಲ್ಲ ಹುಡುಗಿ" ಎನ್ನುತ್ತಿದ್ದರು. "ಅದು ಹಳ್ಳ. ಹಳ್ಳ ಎಷ್ಟು ಆಳ ಇದೆಯೋ ಅಲ್ಲೀವರೆಗೆ ಸುತ್ತಲಿನ ದಿಬ್ಬಾನೆಲ್ಲ ಸವೆಸೋದು, ಅಷ್ಟೇ. ಹಳ್ಳ ಜಾಸ್ತಿ ಆಳ ಇದ್ರೆ ಕೈ ಮುಗಿದು ಸುಮ್ನಿರೋದು."

ಆ ಆಳ ನೋಡಲು ಅವರ ಬಳಿ ಇದ್ದ ಉಪಕರಣ ಒಂದೇ, ಬಲಗೈ ತೋರುಬೆರಳ ಉಗುರು. ಗೀರಿಗೆ ಅಡ್ಡವಾಗಿ ಮೆಲ್ಲಗೆ ಎಳೆಯುತ್ತಿದ್ದರು. ಉಗುರು ಜಾರಿದರೆ, "ಹೋಗತ್ತೆ." ಸಿಕ್ಕಿಕೊಂಡರೆ, "ಪೇಂಟೇ ಆಗ್ಬೇಕು." ಗಿರಾಕಿಗಳು ಡಾಕ್ಟರ ಎದುರು ನಾಲಿಗೆ ಚಾಚಿ ಕೂತವರ ಹಾಗೆ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದರು.

ಎಲ್ಲ ಸರಾಗವಾಗಿ ನಡೆಯುತ್ತಿರುವಾಗ ಬಂದದ್ದು ಬಸ್ ಡ್ರೈವರ್ ಅವರ ನೀಲಿ ಕಾರು. ಕೆಲಸದಿಂದ ನಿವೃತ್ತರಾದ ಮನುಷ್ಯ. ಜೀವನಪೂರ್ತಿ ಊರವರ ಬಸ್ಸು ಓಡಿಸಿ ಕೊನೆಗೆ ತನ್ನದು ಅಂತ ಕೊಂಡ ಕಾರು. ಹೊರಗೆ ನಿಂತೂ ನಿಂತೂ ಅದರ ನೀಲಿ ಬೂದಿ ಮೆತ್ತಿದಂತಾಗಿತ್ತು. "ಪೂರ್ತಿ ಹೊಸ ಪೇಂಟ್ ಹೊಡೆದುಬಿಡಿ" ಎಂದು ಬೀಗದ ಕೈ ಕೊಟ್ಟು ಹೋದರು.

ನನ್ನ ಗಂಡ ಎರಡು ದಿನ ಆ ನೀಲಿಯ ಹಿಂದೆ ಬಿದ್ದರು. ಬಾಗಿಲು ತೆರೆದರೆ ಒಳಚೌಕಟ್ಟಿನಲ್ಲಿ ಬಿಸಿಲು ತಾಗದ ಜಾಗವಿರುತ್ತದೆ, ಅಲ್ಲಿ ಮೂಲ ಬಣ್ಣ ಹಾಗೇ ಇರುತ್ತದೆ. ಅದನ್ನು ನೋಡುತ್ತ ಹನಿ ಹನಿ ಕಲಸಿ, ತಗಡಿನ ತುಂಡಿಗೆ ಬಳಿದು, ಒಣಗಿಸಿ, ಮತ್ತೆ ಕಲಸಿ. ಊಟಕ್ಕೆ ಕರೆದರೆ "ಹ್ಞಾಂ" ಎಂದು ಅಲ್ಲೇ ಕೂತಿರುತ್ತಿದ್ದರು. ಎರಡನೆಯ ದಿನ ಸಂಜೆ ತುಂಡನ್ನು ಚೌಕಟ್ಟಿಗೆ ಒತ್ತಿ ಹಿಡಿದು, "ಬಂತು ನೋಡು!" ಎಂದು ನನ್ನನ್ನು ಕರೆದರು. ನಾನು ಸೂಜಿಗೆ ದಾರ ಪೋಣಿಸುತ್ತಿದ್ದೆ. ಕೂತಲ್ಲಿಂದಲೇ "ಚೆನ್ನಾಗಿದೆ ರೀ" ಎಂದೆ.

ಮರುದಿನ ಬೆಳಿಗ್ಗೆ ಇವರು ಬರುವ ಮೊದಲೇ ಅತ್ತಿಗೆ ಸುಮ್ಮನಿರಲಾರದೆ ಆ ಕಾರಿನ ಬಾನೆಟ್ ಮೂಲೆಯಲ್ಲಿ ಅಂಗೈಯಗಲ ಜಾಗಕ್ಕೆ ಕಾಂಪೌಂಡ್ ಹಾಕಿ ನೋಡಿದರು. ಪ್ಯಾಡಿಗೆ ಬೂದಿ ಬೂದಿ ನೀಲಿ ಅಂಟಿಕೊಂಡಿತು. ಒರೆಸಿದರೆ ಕೆಳಗೆ ಸಂಜೆ ಆಕಾಶದಂಥ ಕಡುನೀಲಿ. ಅದೇ ಹೊತ್ತಿಗೆ ಡ್ರೈವರು ಮರೆತ ಛತ್ರಿ ತೆಗೆದುಕೊಳ್ಳಲು ಬರಬೇಕೆ! ಆ ಅಂಗೈಯಗಲದ ನೀಲಿಯನ್ನು ನೋಡಿ ನಿಂತುಬಿಟ್ಟರು.

"ಏನಮ್ಮಾ ಇದು? ಕೊಂಡ ದಿನ ಹಿಂಗಿತ್ತು!"

"ಪೂರ್ತಿ ಹಿಂಗೇ ಬರತ್ತೆ ಅಣ್ಣಾ. ಮೇಲಿನ ಪದರ ಮಾತ್ರ ಸತ್ತಿರೋದು, ಒಳಗೆ ಗಟ್ಟಿಯಾಗಿದೆ. ನಿಮಗೆ ಪೇಂಟ್ ಬೇಕಾಗಿಲ್ಲ."

ನನ್ನ ಗಂಡ ಶೆಡ್ಡಿಗೆ ಬಂದಾಗ ಪೇಂಟಿನ ಮಾತು ರದ್ದಾಗಿತ್ತು. ಡ್ರೈವರು ಇರುವವರೆಗೂ ನಗುನಗುತ್ತಲೇ ಇದ್ದರು. ಅವರು ಬೀದಿ ತಿರುಗಿದ್ದೇ ತಡ, ಅಕ್ಕನ ಕಡೆ ತಿರುಗಿದರು.

"ಅಕ್ಕ, ಪೇಂಟ್ ಅಂಗಡೀಲಿ ನಿಂತ್ಕೊಂಡು ಪೇಂಟ್ ಬೇಡ ಅಂತ ಹೇಳೋದು ಯಾವ ನ್ಯಾಯ?"

"ಬೇಡದ್ದನ್ನ ಬೇಡ ಅಂದೆ. ಬೇಕಿದ್ರೆ ಬೇಕು ಅಂತಿದ್ದೆ."

"ನನ್ನನ್ನ ಒಂದು ಮಾತು ಕೇಳ್ಬಾರ್ದಿತ್ತಾ? ಎರಡು ದಿನ ಕೂತು ಕಲಸಿದೀನಿ ಆ ಬಣ್ಣಾನ."

"ಬಣ್ಣ ಚೆನ್ನಾಗೇ ಇರತ್ತೆ ಕಣೋ ಪುಟ್ಟ, ಯಾರು ಇಲ್ಲ ಅಂದ್ರು?"

"ಇರತ್ತೆ ಅಂತೆ! ನೀನು ಅದನ್ನ ನೋಡೇ ಇಲ್ಲ ಅಕ್ಕ."

ಅತ್ತಿಗೆ ನೋಡಿರಲಿಲ್ಲ, ನಿಜ. ಇವರು ಪರದೆ ಸರಿಸಿ ಒಳಗೆ ಹೋದರು. ಅಲ್ಲಿಗೆ ಇಬ್ಬರ ನಡುವೆ ಮಾತು ನಿಂತಿತು. ಇಪ್ಪತ್ತೆರಡು ದಿನ.

ಆ ಇಪ್ಪತ್ತೆರಡು ದಿನ ಅಂಚೆಯವಳ ಕೆಲಸ ನನ್ನದು. ಇಬ್ಬರೂ ಒಂದೇ ಕಾರಿನ ಆಚೆ ಈಚೆ ನಿಂತಿರುತ್ತಿದ್ದರು, ನಡುವೆ ಎರಡು ಮಾರು ದೂರ.

"ಹುಡುಗಿ, ಪೇಂಟರ್ ಸಾಹೇಬ್ರಿಗೆ ಹೇಳು, ಬಾಗಿಲಿನ ಕೆಳಗಡೆ ಪೇಂಟ್ ಇಳಿದಿದೆ ಅಂತ."

"ರೀ, ಕೇಳಿಸ್ತಾ?"

"ಇಲ್ಲ. ಏನಂತೆ?"

"ಬಾಗಿಲಿನ ಕೆಳಗಡೆ ಪೇಂಟ್ ಇಳಿದಿದೆಯಂತೆ."

"ಒಣಗಿದ ಮೇಲೆ ಉಜ್ಜಬೇಕು ಅಂತ ಹೇಳು."

ಒಂದು ದಿನ ನನಗೂ ರೋಸಿತು. "ನನ್ನ ಗಂಟಲು ಕಟ್ಟಿದೆ, ಇವತ್ತು ಅಂಚೆ ರಜಾ" ಎಂದು ಹೇಳಿ ಹೊಲಿಗೆ ಯಂತ್ರದ ಚಕ್ರ ತಿರುಗಿಸುತ್ತ ಕೂತೆ. ಆ ದಿನ ಇಬ್ಬರೂ ಕೈ ಸನ್ನೆಯಲ್ಲಿ ಕೆಲಸ ಮುಗಿಸಿದರು, ಬಾಯಿ ಮಾತ್ರ ಬಿಡಲಿಲ್ಲ. ಇಷ್ಟಾದರೂ ಅತ್ತಿಗೆ ದಿನಾ ಬರುವುದು ತಪ್ಪಿಸಲಿಲ್ಲ, ಇವರು ಅತ್ತಿಗೆಯ ಟೀ ಲೋಟಕ್ಕೆ ಸಕ್ಕರೆ ಕಡಿಮೆ ಹಾಕಿಸುವುದನ್ನು ಮರೆಯಲಿಲ್ಲ. ಮುನಿಸಿಗೂ ಅದರದೇ ಶಿಸ್ತು.

ಇಪ್ಪತ್ತೆರಡನೆಯ ದಿನ ಒಬ್ಬ ನರ್ಸಮ್ಮನ ಸಣ್ಣ ಕೆಂಪು ಕಾರು ಬಂದಿತ್ತು. ಹೊಳಪು ಮಂಕಾಗಿತ್ತು, ಬಾನೆಟ್ ತುಂಬ ಒಣ ಬಟ್ಟೆಯಿಂದ ಒರೆಸಿದ ಗೀರುಗಳು. ಉಗುರು ಎಲ್ಲೂ ಸಿಕ್ಕಿಕೊಳ್ಳಲಿಲ್ಲ. ಅತ್ತಿಗೆ ಖುಷಿಯಾಗಿ ಯಂತ್ರ ಹಿಡಿದರು. ಇವರು ಪೇಂಟಿಗೆ ಬೆರೆಸುವ ಥಿನ್ನರ್ ತರಲು ಹೊರಗೆ ಹೋಗಿದ್ದರು. ತಮ್ಮ ಇಲ್ಲದ ಹೊತ್ತು ತಮ್ಮನನ್ನು ಬೈಯಲು ಪ್ರಶಸ್ತವಾದದ್ದು. ಯಂತ್ರದ ಸದ್ದಿನ ಮೇಲೆ ಕೂಗಿ ಕೂಗಿ ನನಗೆ ಹೇಳುತ್ತಿದ್ದರು:

"ಸಣ್ಣೋನಿದ್ದಾಗಲೂ ಹಿಂಗೇ! ಒಂದು ಗಾಳಿಪಟಕ್ಕೆ ಏಳು ದಿನ ಮಾತು ಬಿಟ್ಟಿದ್ದ! ಅದೂ ನಾನು ಹರಿದಿದ್ದಲ್ಲ, ಗಾಳಿ—"

ತಲೆ ನನ್ನ ಕಡೆ ತಿರುಗಿತ್ತು. ಕೈ ಬಾನೆಟ್ಟಿನ ನಡುವಿನ ಏಣಿನ ಮೇಲೆ ನಿಂತಿತ್ತು. ಅಲ್ಲಿ ಅಂಟಿಸಿದ್ದ ಟೇಪ್ ಯಾವಾಗಲೋ ಎದ್ದು ಹೋಗಿತ್ತು.

ವಾಸನೆ ನನಗೇ ಮೊದಲು ಬಂತು. ಅತ್ತಿಗೆ ಯಂತ್ರ ಆರಿಸಿದರು. ಕೆಂಪಿನ ನಡುವೆ ನಾಣ್ಯದಗಲ ಬಿಳಿ. ಪೇಂಟಿನ ಕೆಳಗಿನ ಪ್ರೈಮರ್ ಪದರ ಬೆಳ್ಳಗೆ ಹಲ್ಲು ಕಿರಿಯುತ್ತಿತ್ತು.

ಅವರ ಮುಖ ನೋಡಲಾಗಲಿಲ್ಲ. ಯಂತ್ರವನ್ನು ನೆಲಕ್ಕಿಟ್ಟು, ಡಬ್ಬದ ಮೇಲೆ ಕೂತು, ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡರು. "ಗಾಜಾಗಿದ್ರೆ ಬಕೆಟ್ಟಿಗೆ ಹಾಕಿ ಇನ್ನೊಂದು ತಗೋತಿದ್ದೆ" ಎಂದರು. "ಈ ಕೆಲಸ ನನಗೆ ಬರಲ್ಲ ಹುಡುಗಿ. ಬರತ್ತೆ ಅಂದ್ಕೊಂಡಿದ್ದೆ."

ನಾನು ನೀರು ಕೊಟ್ಟೆ. ಅಷ್ಟರಲ್ಲಿ ಗೇಟಿನ ಸದ್ದಾಯಿತು. ಬಾನೆಟ್ ಮೇಲೆ ಒರೆಸುವ ಬಟ್ಟೆ ಹೊದಿಸಿದರೆ ಸಂಜೆವರೆಗಾದರೂ ಮುಚ್ಚಿಡಬಹುದಿತ್ತು. ನನ್ನ ಕೈ ಬಟ್ಟೆಯ ಕಡೆ ಹೋಗಿಯೂ ಇತ್ತು. ಅತ್ತಿಗೆ ತಲೆಯಾಡಿಸಿ ಎದ್ದು ನಿಂತರು. ಥಿನ್ನರ್ ಡಬ್ಬ ಹಿಡಿದು ಒಳಗೆ ಬಂದ ತಮ್ಮನ ಎದುರಿಗೇ ಹೋದರು.

"ಪುಟ್ಟ, ನಾನು ಸುಟ್ಟುಬಿಟ್ಟೆ ಕಣೋ."

ಡಬ್ಬ ಕೆಳಗೆ ಬಿತ್ತು. ಇವರು ಎರಡೇ ಹೆಜ್ಜೆಗೆ ಅಕ್ಕನ ಹತ್ತಿರ ಬಂದು, ಎರಡೂ ಕೈ ಹಿಡಿದು, ಅಂಗೈ ಮೇಲೆ ಮಾಡಿ ಕೆಳಗೆ ಮಾಡಿ ನೋಡತೊಡಗಿದರು. "ಎಲ್ಲಿ? ಯಾವ ಕೈ? ನೀರು ಹಾಕಿದ್ಯಾ? ಲೇ, ನೀರು ತಾ! ಏನು ನೋಡ್ತಾ ನಿಂತಿದೀಯ!"

"ಕೈ ಅಲ್ಲ ಕಣೋ, ಬಾನೆಟ್ಟು."

ಇವರು ಅಕ್ಕನ ಮುಖ ನೋಡಿದರು. ಬಾನೆಟ್ ನೋಡಿದರು. ಮತ್ತೆ ಮುಖ ನೋಡಿದರು. ಕೈ ಮಾತ್ರ ಬಿಡಲಿಲ್ಲ. "ಅಷ್ಟೇನಾ?" ಎಂದರು.

"ಅಷ್ಟೇನಾ ಅಂದ್ರೆ? ಬೇರೆಯವರ ಕಾರು!"

"ನಾನು ಎಷ್ಟು ಸುಟ್ಟಿದೀನಿ ಗೊತ್ತಾ ಅಕ್ಕ? ಒಂದು ಸಲ ಪೂರ್ತಿ ಬಾಗಿಲು. ಇವಳನ್ನ ಕೇಳು."

ನಾನು ಜೋರಾಗಿ ತಲೆಯಾಡಿಸಿದೆ. ಮೊದಲು ನಕ್ಕದ್ದು ಯಾರೋ ನೆನಪಿಲ್ಲ. ನೆಲದ ಮೇಲೆ ಥಿನ್ನರ್ ಹರಿಯುತ್ತಿತ್ತು, ಯಾರಿಗೂ ಅದರ ಗೊಡವೆ ಇರಲಿಲ್ಲ.

ಸಂಜೆ ನರ್ಸಮ್ಮ ಬಂದಾಗ ಅತ್ತಿಗೆ ಬೇರೆ ಯಾರಿಗೂ ಮಾತಾಡಲು ಬಿಡಲಿಲ್ಲ. "ತಪ್ಪು ನನ್ನದು. ಮಾತಾಡ್ತಾ ಕೈ ನಿಲ್ಲಿಸಿಬಿಟ್ಟೆ. ಬಾನೆಟ್ಟಿಗೆ ನನ್ನ ತಮ್ಮ ಹೊಸದಾಗಿ ಪೇಂಟ್ ಹೊಡೀತಾನೆ. ಮೂರು ದಿನ ಬೇಕು, ನಿಮ್ಮಿಂದ ಏನೂ ಕೊಡೋದು ಬೇಡ."

ನರ್ಸಮ್ಮ ಬಿಳಿ ಮಚ್ಚೆಯನ್ನು ಬಗ್ಗಿ ನೋಡಿದರು. ಗಾಯ ನೋಡಿ ನೋಡಿ ಅಭ್ಯಾಸವಾದ ಕಣ್ಣು. "ಪರವಾಗಿಲ್ಲ, ಇದಕ್ಕಿಂತ ದೊಡ್ಡದು ದಿನಾ ನೋಡ್ತೀನಿ. ಮೂರು ದಿನ ನಡ್ಕೊಂಡು ಹೋಗ್ತೀನಿ ಬಿಡಿ. ನಡೀರಿ ನಡೀರಿ ಅಂತ ರೋಗಿಗಳಿಗೆ ಹೇಳೋದೇ ಆಯ್ತು, ನಾನು ನಡೆದೇ ಇಲ್ಲ" ಎಂದು ಹೊರಟೇಬಿಟ್ಟರು.

ಮಾರನೆಯ ದಿನ ಇವರು ಕೆಂಪು ಕಲಸಲು ಕೂತರು. ಅತ್ತಿಗೆ ಕೆಲಸವೆಲ್ಲ ಬಿಟ್ಟು, ಡಬ್ಬ ಎಳೆದುಕೊಂಡು, ತಮ್ಮನ ಪಕ್ಕದಲ್ಲೇ ಕೂತರು.

"ಕೆಂಪಿಗೆ ಕಪ್ಪು ಯಾಕೋ ಹಾಕ್ತಿದೀಯ?"

"ಹಾಕದಿದ್ರೆ ಕಿರುಚತ್ತೆ. ನೋಡು, ಈಗ ಒಂದು ಹನಿ... ಈಗ ನೋಡು."

"ಹ್ಞೂಂ. ತಣ್ಣಗಾಯ್ತು."

"ಈ ಕಾರು ಬಿಸಿಲಲ್ಲಿ ನಿಂತು ಒಂಚೂರು ಹಳದಿ ಕಡೆ ತಿರುಗಿದೆ. ಅದಕ್ಕೆ ಈ ಹಳದಿ ಹನಿ. ಜಾಸ್ತಿ ಹಾಕಿದ್ರೆ ಕಿತ್ತಳೆ ಆಗ್ಬಿಡತ್ತೆ."

"ಅದು ಕಣ್ಣಿಗೆ ಹೇಗೋ ಗೊತ್ತಾಗತ್ತೆ ನಿನಗೆ?"

ಇವರು ಹೇಳತೊಡಗಿದರು. ಎರಡು ಗಂಟೆ ಹೇಳಿದರು. ಮೋಡದ ದಿನ ಯಾವ ಬಣ್ಣ ಸುಳ್ಳು ಹೇಳುತ್ತದೆ, ಬೆಳ್ಳಿ ಬಣ್ಣವನ್ನು ಪಕ್ಕದಿಂದ ಏಕೆ ನೋಡಬೇಕು, ಒದ್ದೆ ಇದ್ದಾಗ ಒಂದು, ಒಣಗಿದಾಗ ಇನ್ನೊಂದು ಆಗುವ ಹಸಿರಿನ ಕಿತಾಪತಿ. ನಾನು ಹೊಲಿಗೆ ನಿಲ್ಲಿಸಿ ಕೇಳಿದೆ. ಹತ್ತೊಂಬತ್ತು ವರ್ಷ ಒಂದೇ ಮಾಡಿನ ಕೆಳಗೆ ಕೆಲಸ ಮಾಡಿದ್ದೆವು, ಇದನ್ನೆಲ್ಲ ನಾನು ಒಂದು ದಿನವೂ ಅವರಲ್ಲಿ ಕೇಳಿರಲಿಲ್ಲ. ದೂರದಿಂದ "ಚೆನ್ನಾಗಿದೆ ರೀ" ಎನ್ನುವುದನ್ನೇ ದೊಡ್ಡ ಉಪಕಾರ ಎಂದುಕೊಂಡಿದ್ದೆ. ಸ್ವಲ್ಪ ನಾಚಿಕೆಯಾಯಿತು. ಎದ್ದು ಹೋಗಿ ನಾನೂ ಪಕ್ಕದಲ್ಲಿ ನಿಂತೆ.

ಬಣ್ಣ ಅಚ್ಚುಕಟ್ಟಾಗಿ ಹೊಂದಿತು. ಆದರೆ ಮಾತಿನ ಹುರುಪಿನಲ್ಲಿ ಇವರ ಕೈ ಎಲ್ಲೋ ತಡೆದಿರಬೇಕು, ಬಾನೆಟ್ಟಿನ ಮುಂಭಾಗದಲ್ಲಿ ಪೇಂಟ್ ಒಂದು ಬೆರಳುದ್ದ ಇಳಿದಿತ್ತು. ಒಣಗಿದ ಮೇಲೆ ಅತ್ತಿಗೆ ಅದನ್ನು ಸಣ್ಣ ಮರದ ತುಂಡಿಗೆ ನುಣುಪು ಕಾಗದ ಸುತ್ತಿ, ನೀರು ಹನಿಸಿ, ಅದೊಂದನ್ನೇ ಸವೆಸಿದರು. ಆಮೇಲೆ ಕಾಂಪೌಂಡ್, ಆಮೇಲೆ ಪಾಲಿಶ್. ಟೇಪನ್ನು ಎರಡೆರಡು ಪದರ ಅಂಟಿಸಿದ್ದರು. ಯಂತ್ರ ಓಡುವಷ್ಟು ಹೊತ್ತು ತುಟಿ ಪಿಟಿಕ್ಕೆನ್ನಲಿಲ್ಲ. ನಾನು ಬೇಕೆಂದೇ ಗಾಳಿಪಟದ ಕಥೆ ಮುಂದೇನಾಯಿತು ಎಂದು ಕೇಳಿದೆ. ಕಣ್ಣಲ್ಲೇ ಗದರಿಸಿದರು.

ನಾಲ್ಕನೆಯ ದಿನ ನರ್ಸಮ್ಮ ಬಾನೆಟ್ ಮೇಲೆ ಬಗ್ಗಿ, ಟೋಪಿ ಸರಿಮಾಡಿಕೊಂಡು ಹೋದರು. ಆಮೇಲೆ ಅವರ ಆಸ್ಪತ್ರೆಯ ಅರ್ಧ ಕಾರುಗಳು ಒಂದೊಂದಾಗಿ ನಮ್ಮಲ್ಲಿಗೆ ಬಂದವು. ಈಗ ನಮ್ಮಲ್ಲಿ ಕ್ರಮವೇ ಹಾಗೆ: ಯಾವ ಕಾರು ಬಂದರೂ ಮೊದಲು ತೊಳೆಯುವುದು, ಆಮೇಲೆ ಅಕ್ಕ ತಮ್ಮ ಇಬ್ಬರೂ ಟಾರ್ಚ್ ಹಿಡಿದು ಸುತ್ತ ಒಂದು ಪ್ರದಕ್ಷಿಣೆ. ಯಾವುದಕ್ಕೆ ಪೇಂಟ್, ಯಾವುದಕ್ಕೆ ಕಾಂಪೌಂಡ್ ಎಂದು ಗುಸುಗುಸು ತೀರ್ಮಾನ. ಕೆಲವೊಮ್ಮೆ ಅತ್ತಿಗೆಯೇ "ಇದಕ್ಕೆ ಪೇಂಟ್ ಹೊಡಿ" ಎನ್ನುತ್ತಾರೆ, ಇವರು "ಬೇಡ ಅಕ್ಕ, ನಿನ್ನ ಕೈಯಲ್ಲೇ ಹೋಗತ್ತೆ" ಎಂದು ವಾದಿಸುತ್ತಾರೆ. ಜಗಳ ನಿಂತಿಲ್ಲ, ಆದರೆ ಈಗ ನೇರವಾಗಿ ಆಡುತ್ತಾರೆ. ನನ್ನ ಅಂಚೆ ಕಚೇರಿ ಮುಚ್ಚಿದೆ.

ಇದಾಗಿ ಏಳು ವರ್ಷ. ಅತ್ತಿಗೆಯ ಬಲಭುಜ ಆಗಾಗ ತಕರಾರು ಮಾಡುತ್ತದೆ. ಡಾಕ್ಟರು ಒಂದು ದಿನ ಬಿಟ್ಟು ಒಂದು ದಿನ ಯಂತ್ರ ಹಿಡಿಯಿರಿ ಎಂದಿದ್ದಾರೆ. ಬಿಡುವಿನ ದಿನ ಏನು ಮಾಡುವುದೆಂದು ಯೋಚಿಸಿ, ಕಳೆದ ವರ್ಷ ಕಾರು ಓಡಿಸುವುದನ್ನು ಕಲಿತರು. ನೆರಳಿಗೆ ಕಾರು ಸರಿಸಲು ಪ್ರತಿ ಸಲ ತಮ್ಮನನ್ನು ಕೂಗಬೇಕು ಎನ್ನುವುದು ಅವರ ದೂರು. ಭಾನುವಾರ ಬೆಳಿಗ್ಗೆ ಖಾಲಿ ಮೈದಾನದಲ್ಲಿ ಇವರು ಪಕ್ಕದಲ್ಲಿ ಕೂತು ಹೇಳಿಕೊಡುತ್ತಿದ್ದರು. ಮನೆಗೆ ಬಂದ ಮೇಲೆ ಅರ್ಧ ಗಂಟೆ ಸುಮ್ಮನೆ ಗೋಡೆ ನೋಡುತ್ತ ಕೂರುತ್ತಿದ್ದರು. ಪರೀಕ್ಷೆ ಎರಡನೆಯ ಸಲಕ್ಕೆ ಪಾಸಾಯಿತು. ಮೊದಲ ಸಲ ಏನಾಯಿತೆಂದು ಅಕ್ಕನೂ ಹೇಳುವುದಿಲ್ಲ, ತಮ್ಮನೂ ಹೇಳುವುದಿಲ್ಲ.

ಮೊನ್ನೆ ಶೆಡ್ಡಿನೊಳಗೆ ಒಂದು ದೊಡ್ಡ ಬಿಳಿ ಕಾರನ್ನು ಹಿಂದಕ್ಕೆ ತಂದು, ಗೋಡೆಗೆ ಒಂದು ಗೇಣು ಇರುವಾಗ ನಿಲ್ಲಿಸಿ, ಕಿಟಕಿಯಿಂದ ತಲೆ ಹೊರಗೆ ಹಾಕಿ, "ಹೇಗೆ, ಹುಡುಗಿ?" ಎಂದರು. ನಾನು ಕಾಲು ಕುರ್ಚಿಯ ಮೇಲೆ ಎತ್ತಿಕೊಂಡು ಕೂತಿದ್ದೆ. "ಬೊಂಬಾಟ್ ಅತ್ತಿಗೆ, ಇನ್ನು ಇಳೀರಿ" ಎಂದೆ. ಇಳಿಯಲಿಲ್ಲ. ಇನ್ನೊಂದು ಸಲ ಮಾಡಿ ತೋರಿಸುತ್ತೇನೆಂದು ಗೇರ್ ಹಾಕಿದರು.